ಗವಾಕ್ಷಿಯ ಮೇಲೊಂದು ಚಪ್ಪಡಿ

ಗಿರಣಿಯ ಮಸಿ ಬಿದ್ದರೆ ಮಡಿ ಕೆಡುತ್ತದೋ ಇಲ್ಲವೋ ಎಂಬುದು ನಮ್ಮ ಮನೆಯಲ್ಲಿ ವರ್ಷಕ್ಕೂ ಮಿಕ್ಕಿ ನಡೆದ ವ್ಯಾಜ್ಯ. ಈಗ ಹೇಳಿದರೆ ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನಗಲಿ, ಪಾಪ, ಅವರಿಗೇನು ಗೊತ್ತು? ಆ ವ್ಯಾಜ್ಯದಲ್ಲಿ ಪಣಕ್ಕೆ ಬಿದ್ದದ್ದು ನಮ್ಮ ಅತ್ತೆಯ ಉಸಿರು, ಬೀಳಿಸಿದವಳು ನಾನು. ಬೇರೆಯವರ ಬಾಯಿಂದ ಅವರು ಕೇಳುವ ಬದಲು ನಾನೇ ಬರೆದಿಡುವುದು ಒಳ್ಳೆಯದು ಎಂದು ಕೂತಿದ್ದೇನೆ.

ನನ್ನ ತವರು ಹೊಳೆದಂಡೆಯ ಸಿರುಗುಪ್ಪ. ಅದು ಇಂಗ್ಲಿಷರ ಮಹಾರಾಣಿ ಆಳುತ್ತಿದ್ದ ಕಾಲ. ಬಳ್ಳಾರಿಗೆ ರೈಲು ಬಂದು ಅದರ ಕೂಗು ಜನರಿಗೆ ರೂಢಿಯಾಗಿಬಿಟ್ಟಿತ್ತು. ಹದಿನಾರು ತುಂಬುವ ಹೊತ್ತಿಗೆ ನನ್ನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ ಬಳ್ಳಾರಿಯ ಗಂಡನ ಮನೆಗೆ ಕಳಿಸಿದರು. ಈಗ ಸತ್ಯನಾರಾಯಣಪೇಟೆ ಎನ್ನುತ್ತಾರಲ್ಲ, ಆ ಕಡೆಯ ಮನೆ. ಅಲ್ಲಿ ಇದ್ದವರು ಅತ್ತೆ ಮತ್ತು ನಮ್ಮ ಯಜಮಾನರು, ಇಬ್ಬರೇ. ನಾನು ಹೋಗಿ ಮೂವರಾದೆವು. ಯಜಮಾನರು ಕಲೆಕ್ಟರ ಕಚೇರಿಯಲ್ಲಿ ಗುಮಾಸ್ತರು, ಸಾಧು ಮನುಷ್ಯ. ನನಗೋ ಹುಟ್ಟಿದಾಗಿನಿಂದ ಸಿಟ್ಟು ಮೂಗಿನ ತುದಿಯಲ್ಲೇ. ಅತ್ತೆಯದೂ ಅದೇ ಜಾತಕ. ನಮ್ಮಿಬ್ಬರ ಧ್ವನಿ ಏರಿದರೆ ಸಾಕು, ಅವರು ಎಲೆ ಅಡಿಕೆಯ ಚೀಲ ಹಿಡಿದುಕೊಂಡು ಮೆಲ್ಲಗೆ ಹೊರಗಿನ ಕಟ್ಟೆಗೆ ಹೋಗಿ ಕೂತುಬಿಡುತ್ತಿದ್ದರು.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅವರಿಗೆ ಉಳಿದದ್ದು ಎರಡೇ: ಒಬ್ಬ ಮಗ, ಮತ್ತು ಮಡಿ. ಬೆಳಗಾಗುತ್ತಲೇ ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಳ್ಳುವರು. ಹಿಂದಿನ ದಿನವೇ ಒಗೆದು ಹಿತ್ತಲಿನ ಎತ್ತರದ ಗಳುವಿನ ಮೇಲೆ ಹರವಿದ್ದ ಸೀರೆಯನ್ನು ಕೋಲಿನಿಂದ ಇಳಿಸಿ ಉಡುವರು. ಉಟ್ಟ ಮೇಲೆ ಮುಗಿಯಿತು, ಅವರನ್ನಾಗಲಿ ಆ ಸೀರೆಯನ್ನಾಗಲಿ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ತಲೆಯ ಮೇಲೆ ನೀರು, ಮತ್ತೊಂದು ಸೀರೆ, ಅಡುಗೆ ಮೊದಲಿನಿಂದ. ಅಡುಗೆಯಂತೂ ಅವರದೇ. ನನ್ನ ಮಡಿಯ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ನೀ ಹೊಳಿ ದಂಡಿಯಾಕಿ. ನಿನಗ ನೀರು ಅಂದ್ರ ಆಟ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಮ್ಮ ಮನೆಯಿಂದ ಒಂದು ಕೂಗಳತೆಯಲ್ಲಿ ಅರಳೆ ಒತ್ತಿ ಮೂಟೆ ಕಟ್ಟುವ ಹಬೆಯ ಗಿರಣಿ ಇತ್ತು. ಸುತ್ತಿನ ಎರೆ ಹೊಲಗಳ ಹತ್ತಿ ಬರುವ ಕಾಲಕ್ಕೆ ಅದಕ್ಕೆ ಜೀವ ಬರುವುದು, ಹತ್ತಿ ಮುಗಿದರೆ ತಣ್ಣಗಾಗುವುದು. ಅದು ನಡೆಯುವಷ್ಟು ದಿನವೂ ಅದರ ಚಿಮಣಿ ಕಲ್ಲಿದ್ದಲಿನ ಹೊಗೆಯನ್ನು ಕಾರುತ್ತಲೇ ಇರುವುದು. ಸಿರುಗುಪ್ಪದಲ್ಲಿ ಕಾಲುವೆ, ಭತ್ತದ ಗದ್ದೆ, ಹೊಳೆಯ ಗಾಳಿ ಬಿಟ್ಟು ಬೇರೆ ಕಾಣದ ನನಗೆ ಇದು ದಿಗಿಲು. ಹಿತ್ತಲ ಬೇವಿನ ಎಲೆಯನ್ನು ಬೆರಳಿನಿಂದ ಒರೆಸಿದರೆ ಬೆರಳು ಕಪ್ಪು. ತುಳಸಿಗೆ ನೀರೆರೆದರೆ ಎಲೆಯಿಂದ ಕರೀ ನೀರು ಇಳಿಯುವುದು. ಬೆಳಗ್ಗೆ ಬಾವಿಗೆ ಕೊಡ ಬಿಡುವ ಮೊದಲು ಮೇಲೆ ತೇಲುವ ಮಸಿಯನ್ನು ಸರಿಸಬೇಕು. ಅಂಗಳದ ಗುಬ್ಬಿಗಳು ಕೂಡ ಮಾಸಿದ ಬಣ್ಣಕ್ಕೆ ತಿರುಗಿದ್ದವು. ನಮ್ಮ ಓಣಿಯ ಹುಣಿಸೆ ಮರ ಆ ವರ್ಷ ಸರಿಯಾಗಿ ಹೂ ಬಿಡಲಿಲ್ಲ ಎಂದು ಮುದುಕರು ಗೊಣಗುತ್ತಿದ್ದುದು ನನಗೆ ನೆನಪಿದೆ.

ಇದೆಲ್ಲ ಅತ್ತೆ ಸಹಿಸಿದರು. ಸಹಿಸದೆ ಹೋದದ್ದು ಒಂದನ್ನು. ಯಂತ್ರ ಸರಾಗ ಓಡಲಿ ಎಂದು ಗಿರಣಿಯವರು ಅದಕ್ಕೆ ದನದ ಕೊಬ್ಬು ಸವರುತ್ತಾರೆ ಎಂದು ಬಾವಿಕಟ್ಟೆಯಲ್ಲಿ ಯಾರೋ ಹೇಳಿದರು. ನಿಜವೋ ಸುಳ್ಳೋ ವಿಚಾರಿಸಿದವರು ಯಾರು? ಅತ್ತೆ ಮನೆಗೆ ಬಂದವರೇ ಗಳುವಿನ ಮೇಲಿದ್ದ ಮಡಿಸೀರೆಯನ್ನು ಕೋಲಿನಿಂದ ಎಳೆದು ನೆಲಕ್ಕೆ ಹಾಕಿದರು. ಅದರ ಮೇಲೆ ಸಾಸಿವೆಕಾಳಿನಷ್ಟು ದಪ್ಪದ ಮಸಿ ಅಲ್ಲಲ್ಲಿ ಕೂತಿತ್ತು.

"ಆ ಕೊಬ್ಬಿನ ಹೊಗಿ ಇದು," ಎಂದರು. "ಇಷ್ಟು ದಿನ ಇದನ್ನ ಉಟ್ಟು ದೇವರಿಗೆ ನೈವೇದ್ಯ ಮಾಡೀನಿ. ಎಂಥಾ ಪಾಪ ಮಾಡ್ದೆ ನಾನು!"

ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಸೀರೆಯನ್ನು ಒಗೆದರು, ಒಣಹಾಕಿದರು, ಮತ್ತೆ ಮಸಿ. ಮತ್ತೆ ಒಗೆದರು. ಮೂರನೆಯ ದಿನ ಹಿತ್ತಲು ಬೇಡವೆಂದು ಅಡುಗೆಮನೆಯೊಳಗೇ, ಸೂರಿನ ಗಳುವಿಗೆ ಹಾಕಿದರು. ಅಲ್ಲಿಗೂ ಮೇಲಿನ ಗವಾಕ್ಷಿಯಿಂದ ಒಂದೆರಡು ಕರೀ ಚುಕ್ಕೆ ಇಳಿದವು.

ಗವಾಕ್ಷಿ ಎಂದರೆ ನಮ್ಮ ಕಡೆಯ ಮಣ್ಣಿನ ಮಾಳಿಗೆಯಲ್ಲಿ ಒಲೆಯ ನೇರಕ್ಕೆ ಬಿಡುವ ಒಂದು ಮೊಳದ ಕಂಡಿ. ಬೆಳಕು ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಅದರಿಂದಲೇ. ಮಳೆ ಬಂದಾಗ ಮೇಲೆ ಒಂದು ಕಲ್ಲಿನ ಚಪ್ಪಡಿ ಸರಿಸಿ, ನಿಂತ ಮೇಲೆ ತೆಗೆಯುವುದು ರೂಢಿ. ಅತ್ತೆಯ ಸಂಕಟ ನೋಡಲಾರದೆ, ಜಾಣೆ ಅನ್ನಿಸಿಕೊಳ್ಳುವ ಆಸೆಯೂ ಸೇರಿ, ನಾನು ಹೇಳಿದೆ: "ಅತ್ತೀ, ಆ ಚಪ್ಪಡಿ ಎಳೆದು ಸುತ್ತ ಮಣ್ಣು ಮೆತ್ತಿಬಿಟ್ಟರ ಹೆಂಗ್ರಿ? ಗಿರಣಿ ಮಸಿ ಎಲ್ಲಿಂದ ಬರ್ತದ?"

ಅತ್ತೆ ನನ್ನ ಮುಖವನ್ನೇ ನೋಡಿದರು. "ಹೊಳಿ ದಂಡಿಯಾಕಿಗೂ ತಲಿ ಅದ," ಎಂದರು.

ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಸೆರಗು ಕಟ್ಟಿ ನಾನೇ ಏಣಿ ಹತ್ತಿದೆ. ಚಪ್ಪಡಿ ಎಳೆದು, ಮಣ್ಣು ಕಲಸಿ, ಸಂದು ಸಂದಿಗೂ ಮೆತ್ತಿ, ಒಂದು ನೊಣ ಕೂಡ ತೂರದ ಹಾಗೆ ಮುಚ್ಚಿ ಇಳಿದು ಬಂದೆ. ಅಡುಗೆಮನೆ ಕತ್ತಲಾಯಿತು. ಅತ್ತೆ ದೀಪ ಹಚ್ಚಿಕೊಂಡು, ನೆಮ್ಮದಿಯಿಂದ ಬಾಗಿಲೂ ಮುಚ್ಚಿಕೊಂಡು, ಒಲೆಯ ಮುಂದೆ ಕೂತರು.

ನಮ್ಮದು ಸಗಣಿಯ ಕುಳ್ಳು ಮತ್ತು ಹತ್ತಿ ಕಟ್ಟಿಗೆಯ ಒಲೆ. ಅದರ ಹೊಗೆ ಎಷ್ಟಿರುತ್ತದೆ ಎಂದು ಒಲೆ ಊದಿದವರಿಗೆ ಹೇಳಬೇಕಾಗಿಲ್ಲ. ಅದೆಲ್ಲ ಆ ಮುಚ್ಚಿದ ಕೋಣೆಯಲ್ಲೇ ಸುತ್ತತೊಡಗಿತು. ನಾನು ಒಮ್ಮೆ ಬಾಗಿಲ ಹೊರಗಿನಿಂದಲೇ, "ಅತ್ತೀ, ಹೊಗಿ ಭಾಳ ಆತಲ್ಲ್ರಿ," ಎಂದೆ. ಅವರು ಒಳಗಿನಿಂದಲೇ ಗದರಿದರು: "ಒಲೀ ಹೊಗಿ ಅಗ್ನಿದೇವರದು. ಅದಕ್ಕ ಎಲ್ಲಿ ಮೈಲಿಗಿ? ಕಣ್ಣಾಗ ನೀರು ಬಂದ್ರ ಬರ್ಲಿ."

ನಾವು ನಂಬಿದ್ದು ಅದನ್ನೇ. ಹೊರಗಿನ ಹೊಗೆ ಕೆಟ್ಟದ್ದು, ಒಳಗಿನದು ಒಳ್ಳೆಯದು. ಒಂದು ಮೈಲಿಗೆ, ಒಂದು ಮಡಿ. ಎದೆಯೊಳಗೆ ಹೋದ ಮೇಲೆ ಎರಡೂ ಒಂದೇ ಎಂದು ಯೋಚಿಸುವ ಬುದ್ಧಿ ಇಬ್ಬರಲ್ಲಿ ಒಬ್ಬರಿಗೂ ಇರಲಿಲ್ಲ.

ಯುಗಾದಿಯ ಹೊತ್ತಿಗೆ ಅತ್ತೆಗೆ ಕೆಮ್ಮು ಹಿಡಿಯಿತು. ಮೊದಲು ಬೆಳಗಿನ ಹೊತ್ತು ಮಾತ್ರ, ಆಮೇಲೆ ಅಡುಗೆ ಮಾಡುವಷ್ಟು ಹೊತ್ತೂ. ಮಳೆಗಾಲದಲ್ಲಿ ಹಸಿ ಕುಳ್ಳು ಉರಿಯದೆ ಬರೀ ಹೊಗೆಯಾಡುವಾಗ ಅವರ ಎದೆಯಲ್ಲಿ ಸುಂಯ್ ಎಂಬ ಸದ್ದು ಕೇಳಿಸತೊಡಗಿತು. ಶುಂಠಿ ಕಷಾಯ, ಮೆಣಸಿನ ಕಷಾಯ, ಆಡುಸೋಗೆಯ ರಸ, ಎಲ್ಲ ಆಯಿತು. ಊರಿನವರ ಪಾಲಿಗೆ ಕಾರಣ ಒಂದೇ: ಗಿರಣಿ. ನಾನಂತೂ ದಿನಕ್ಕೆ ಹತ್ತು ಸಲ ಚಿಮಣಿಯ ಕಡೆ ಮುಖ ಮಾಡಿ ಶಪಿಸುತ್ತಿದ್ದೆ. ಯಜಮಾನರು ಮುನಿಸಿಪಾಲಿಟಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಕೂತರು. ಅರ್ಜಿ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಆದರೆ ಮಡಿ ಎಂದರೇನೆಂದು ದೊರೆಗಳಿಗೆ ಅರ್ಥವಾಗುವಂತೆ ಬರೆಯಲು ಆಗದೆ, ಐದಾರು ಸಲ ಬರೆದು ಐದಾರು ಸಲ ಹರಿದು, ಕಡೆಗೆ ಆ ಕಾಗದದಲ್ಲಿ ಅಡಿಕೆ ಪುಡಿ ಕಟ್ಟಿಕೊಂಡರು. ಗಿರಣಿ ನಿಂತಿದ್ದ ತಿಂಗಳುಗಳಲ್ಲೂ ಕೆಮ್ಮು ಏಕೆ ನಿಲ್ಲಲಿಲ್ಲ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಂತ ಗಿರಣಿಯ ಮಸಿ ಇನ್ನೂ ಗಾಳಿಯಲ್ಲೇ ಇದೆ ಎಂದುಕೊಂಡೆವು.

ಮಾಘ ಬಂತು. ಆ ಕೆಮ್ಮಿನಲ್ಲೇ ಅತ್ತೆ ಹಟ ಹಿಡಿದರು, ಹೊಳೆಯಲ್ಲಿ ಒಂದು ತಿಂಗಳು ಮಾಘಸ್ನಾನ ಮಾಡಲೇಬೇಕು ಎಂದು. ಹೊಳೆ ಇರುವುದು ನನ್ನ ತವರಿನ ಕಡೆ. ಬೀಗರ ಮನೆಯಲ್ಲಿ ತಿಂಗಳಿರಲು ಅವರಿಗೆ ಸಂಕೋಚ, ಬೆಳಗಿನ ಚಳಿಯಲ್ಲಿ ತುಂಗಭದ್ರೆಯ ನೀರಿಗೆ ಇಳಿದರೆ ಇವರು ಹೆಣವಾಗುತ್ತಾರೆ ಎಂದು ನನಗೆ ಭಯ. ಬೇಡವೆಂದು ಕಾಲು ಹಿಡಿದುಕೊಂಡೆ. "ಸತ್ರ ಹೊಳ್ಯಾಗ ಸಾಯ್ತೀನಿ ಬಿಡು, ಗಿರಣಿ ಹೊಗ್ಯಾಗ ಯಾಕ ಸಾಯ್ಲಿ?" ಎಂದರು. ಇಬ್ಬರೂ ಸಿರುಗುಪ್ಪಕ್ಕೆ ಹೋದೆವು.

ನಮ್ಮ ತಾಯಿ ಅವರಿಗೆ ಹಿತ್ತಲಲ್ಲಿ ತೆಂಗಿನ ಮರದ ಕೆಳಗೆ ಮೂರು ಕಲ್ಲು ಹೂಡಿಕೊಟ್ಟರು. ಬಯಲು ಒಲೆ. ಸ್ನಾನ ಮಾಡಿ ಬಂದು ಅಲ್ಲೇ ಅಡುಗೆ, ಅಲ್ಲೇ ಊಟ. ಹದಿನೈದು ದಿನ ಕಳೆಯುವುದರೊಳಗೆ ಕೆಮ್ಮು ಅರ್ಧವಾಯಿತು. ತಿಂಗಳಿಗೆ ಪೂರ್ತಿ ನಿಂತಿತು. ಒಂದು ದಿನ ಗಾಡಿ ಕಟ್ಟಿಸಿಕೊಂಡು ಕೆಂಚನಗುಡ್ಡಕ್ಕೆ ಹೋದೆವು. ಅಲ್ಲಿಯ ಹಳೆಯ ಕಲ್ಲುಗಳ ನಡುವೆ ಅತ್ತೆ ನನಗಿಂತ ಮುಂದೆ ಏರಿ ನಿಂತು, "ಲೇ ಹುಡುಗಿ, ಬಾ ಲಗೂನ, ಎಷ್ಟು ಏದುಸಿರು ಬಿಡ್ತೀ!" ಎಂದು ನಕ್ಕರು. ಅವರು ನಗುವುದನ್ನು ನೋಡಿ ನನಗೆ ಆ ಹೊಳೆಯ ಮೇಲೆ ಎಂಥ ಪ್ರೀತಿ ಬಂತೆಂದರೆ, ಹಿಂದಿರುಗುವಾಗ ಗಾಡಿಯಿಂದಲೇ ಕೈ ಮುಗಿದೆ. ಆ ಒಂದು ತಿಂಗಳು ಹೊಳೆ ನನಗೆ ಕೊಟ್ಟದ್ದನ್ನು ನಾನು ಮರೆತಿಲ್ಲ. ಅತ್ತೆ ಬೈಗುಳವಲ್ಲದೆ ಬೇರೆಯೂ ಮಾತಾಡಬಲ್ಲವರು ಎಂದು ನನಗೆ ತಿಳಿದದ್ದು ಅಲ್ಲೇ.

ತಣ್ಣೀರಿನ ಸ್ನಾನದಿಂದ ಯಾರ ಕೆಮ್ಮಾದರೂ ವಾಸಿಯಾದೀತೇ? ಆದರೂ ಎಲ್ಲರೂ ಅದು ಸ್ನಾನದ ಪುಣ್ಯವೆಂದರು. ಬಯಲು ಒಲೆಯ ಕಡೆ ಯಾರ ಗಮನವೂ ಹೋಗಲಿಲ್ಲ. ಬಳ್ಳಾರಿಗೆ ಬಂದೆವು, ಬಾಗಿಲು ಮುಚ್ಚಿತು, ಒಲೆ ಹೊತ್ತಿತು, ಹೋಳಿಹುಣ್ಣಿಮೆ ಬರುವಷ್ಟರಲ್ಲಿ ಕೆಮ್ಮು ಹಿಂದಿನದಕ್ಕಿಂತ ಎರಡು ಪಾಲಾಗಿ ತಿರುಗಿ ಬಂತು. ಬೇಸಗೆ ಮುಗಿಯುವ ಹೊತ್ತಿಗೆ ಅತ್ತೆ ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದರು. ತುಟಿ ಕಪ್ಪಾಗುತ್ತಿತ್ತು. ಇನ್ನೊಂದು ಮಳೆಗಾಲ ಇವರು ಕಾಣುವುದಿಲ್ಲ ಎಂದು ವೈದ್ಯರು ಯಜಮಾನರಿಗೆ ಹೇಳಿಯೂ ಬಿಟ್ಟರು. ಅಂದು ಯಜಮಾನರು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅತ್ತರು.

ಎರಡು ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಚೌಳು ಮಣ್ಣು ಹಾಕಿಸದಿದ್ದರೆ ಮನೆ ಸೋರುತ್ತದೆ. ಆ ಸಲ ಆ ಕೆಲಸಕ್ಕೆ ಕುರುಗೋಡಿನಿಂದ ಒಬ್ಬ ಹೆಂಗಸು ಬಂದಳು. ನಲವತ್ತರ ಆಚೆಯವಳು, ಒಣಕಲು ಮೈ, ಬಾಯಿ ಮಾತ್ರ ಬಲು ಜೋರು. ಅವಳ ಜಾತಿಯವರು ನಮ್ಮ ಹೊಸಿಲು ದಾಟುವ ಹಾಗಿರಲಿಲ್ಲ. ಹಿತ್ತಲ ಗೋಡೆಗೆ ಏಣಿ ಹಾಕಿ ಹೊರಗಿನಿಂದಲೇ ಮಾಳಿಗೆ ಹತ್ತುವಳು. ನಮ್ಮ ದೇವರ ತಲೆಯ ಮೇಲೆ ಓಡಾಡಬಹುದು, ದೇವರ ಮನೆಗೆ ಬರಬಾರದು. ಆಗ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಅವಳು ಬಂದ ದಿನವೇ ನಾನು ಹೊರಗಾದೆ. ಮೂರು ದಿನ ಹಿತ್ತಲ ಕೊಟ್ಟಿಗೆಯ ಪಕ್ಕದ ಚಪ್ಪರದಲ್ಲಿ ಕೂರಬೇಕು, ಒಳಗೆ ಕಾಲಿಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಮೇಲೆ ಅವಳು, ಕೆಳಗೆ ನಾನು. ಒಳಗೆ ಹೋಗುವ ಹಾಗಿಲ್ಲದವರು ಇಬ್ಬರೂ. ಹೀಗಾಗಿ ಮಾತು ಬೆಳೆಯಿತು.

ಎರಡನೆಯ ದಿನ ಅವಳು ಮಣ್ಣು ತುಳಿಯುವುದನ್ನು ನಿಲ್ಲಿಸಿ ಮಾಳಿಗೆಯ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತಳು. "ಸಣ್ಣವ್ವಾ, ನಿನ್ನಿಯಿಂದ ಕೇಳಾಕ ಹತ್ತೀನಿ. ಒಳಗ ಕೆಮ್ಮೋರು ಯಾರ್ರೀ?"

"ನಮ್ಮ ಅತ್ತಿ."

"ನಮ್ಮವ್ವ ಊರಾಗ ಸುಣ್ಣದ ಭಟ್ಟಿಯಾಗ ದುಡದಾಕಿ. ಹಿಂಗ ಕೆಮ್ಮಿ ಕೆಮ್ಮಿ ಸತ್ತಳ್ರೀ. ಈ ಕೆಮ್ಮಿನ ಗುರ್ತು ನನಗ ಐತಿ. ಇದು ಹೊಗಿ ಕೆಮ್ಮು."

"ಹೌದು ಮತ್ತ, ಗಿರಣಿ ಹೊಗಿ," ಎಂದೆ.

ಅವಳು ತಿರುಗಿ ಚಿಮಣಿಯ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು. "ಎಲ್ಲೈತ್ರೀ ಹೊಗಿ? ಗಿರಣಿ ತಣ್ಣಗಾಗಿ ಇಪ್ಪತ್ತು ದಿನ ಆತು. ಮಾಳಗಿ ಮ್ಯಾಲೆ ಅದೀನಿ, ನನಗ ಕಾಣವಲ್ದು. ಕೆಳಗ ಕುಂತ ನಿಮಗ ಕಾಣತೈತೇನು?"

ನನಗೆ ಪಿತ್ತ ನೆತ್ತಿಗೇರಿತು. ಅವಳು ಬಿಡಲಿಲ್ಲ. "ಇಲ್ಲೊಂದು ಚಪ್ಪಡಿ ಮೆತ್ತೀರಿ. ಬಿಸಲಿಗೆ ಮಣ್ಣು ಬಿರಕು ಬಿಟ್ಟು, ಸಂದಿಯಾಗಿಂದ ಜಿಡ್ಡು ಮಸಿ ಮ್ಯಾಲೆ ಬಂದೈತಿ. ಇನ್ನಾ ಹಸಿ ಐತ್ರೀ. ಇದು ನಿಮ್ಮ ಒಲೀ ಮಸಿ, ಗಿರಣೀದಲ್ಲ. ಹೊಗಿಗೆ ದಾರಿ ಇಲ್ದ ಆಯವ್ವನ ಎದ್ಯಾಗ ಹೋಗಿ ಕುಂತೈತಿ. ಎತ್ತಿ ಒಗೀಲೇನು?"

ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಅವಳ ಮಾತು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಬಯಲು ಒಲೆ, ತೆಂಗಿನ ಮರ, ಕೆಂಚನಗುಡ್ಡ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಆದರೆ ಚಪ್ಪಡಿ ನನ್ನದಾಗಿತ್ತಲ್ಲ! ಅತ್ತೆ ಹೊಗಳಿದ್ದು ಅದೊಂದಕ್ಕೇ ಅಲ್ಲವೇ? ಅದು ತಪ್ಪೆಂದು ಒಪ್ಪಿಕೊಂಡರೆ ನನಗೆ ಆ ಮನೆಯಲ್ಲಿ ಇನ್ನೇನು ಉಳಿಯಿತು? "ನಿನ್ನ ಕರೆಸಿದ್ದು ಚೌಳು ಹಾಕಲಿಕ್ಕೆ. ಅಷ್ಟು ಮಾಡು," ಎಂದುಬಿಟ್ಟೆ.

"ಆತ್ ಬಿಡ್ರೀ. ಮನಿ ನಿಮ್ದು, ಅತ್ತೀನೂ ನಿಮ್ಮಾಕಿ," ಎಂದು ಅವಳು ಎದ್ದು ಹೋದಳು.

ಮೂರನೆಯ ದಿನ ಬೆಳಗಿನಿಂದಲೇ ಅತ್ತೆ ಒಂದೇ ಸಮನೆ ಕೆಮ್ಮುತ್ತಿದ್ದರು. ಯಜಮಾನರು ಅವಲಕ್ಕಿ ತಿಂದು ಕಚೇರಿಗೆ ಹೋಗಿದ್ದರು. ನಾನು ಚಪ್ಪರದಲ್ಲಿ ಕೂತು, ಇವತ್ತು ಸಂಜೆ ಅವರು ಬಂದ ಮೇಲೆ ಹೇಳೋಣ, ನಾಳೆ ಸ್ನಾನವಾದ ಮೇಲೆ ನಾನೇ ಹತ್ತಿ ತೆಗೆಯೋಣ, ಎಂದು ಮನಸ್ಸಿನಲ್ಲೇ ವಾಯಿದೆ ಹಾಕುತ್ತಿದ್ದೆ. ಹೊತ್ತು ಏರಿತು. ಮಾಳಿಗೆಯ ಮೇಲೆ ಅವಳ ಕಾಲಿನ ಸದ್ದು ಥಟ್ಟನೆ ನಿಂತಿತು.

"ಸಣ್ಣವ್ವಾ! ಕೆಮ್ಮು ನಿಂತೈತ್ರೀ!"

ನಿಂತಿತ್ತು. ನಾನು ಗಮನಿಸಿಯೇ ಇರಲಿಲ್ಲ. ಅವಳು ನನ್ನ ಅಪ್ಪಣೆಗೆ ಕಾಯಲಿಲ್ಲ. ಗುದ್ದಲಿಯ ಎರಡು ಏಟು ಕೇಳಿಸಿತು, ಚಪ್ಪಡಿ ಸರಿದ ಸದ್ದು ಕೇಳಿಸಿತು, ಮಾಳಿಗೆಯ ಮೇಲೆ ಹೊಗೆ ಎದ್ದದ್ದು ನನಗೆ ಕೆಳಗಿನಿಂದಲೇ ಕಂಡಿತು. ಅವಳು ಮುಖವನ್ನು ಅದರೊಳಗೇ ತೂರಿಸಿದಳು. "ಅಯ್ಯಯ್ಯೋ! ಒಲೀ ಮುಂದ ಬಿದ್ದಾರ್ರೀ! ಸೆರಗು ಬೆಂಕಿ ಹಂತ್ಯಾಕ ಐತಿ! ನಾ ಬರಾಂಗಿಲ್ಲ, ನೀವರ ಹೋಗ್ರೀ! ಓಡ್ರೀ!"

ನಾನು ಹೊರಗಾದವಳು, ಒಳಗೆ ಅವರು ಮಡಿಯಲ್ಲಿದ್ದಾರೆ ಎಂಬುದು ಒಂದು ಕ್ಷಣ ಕಾಲು ಹಿಡಿಯಿತು. ಒಂದೇ ಕ್ಷಣ. ಆಮೇಲೆ ಓಡಿದೆ. ಅಡುಗೆಮನೆಗೆ ಒಳಗಿನಿಂದ ಅಗಳಿ ಇರಲಿಲ್ಲ. ನುಗ್ಗುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಅಗಳಿ ಬೇಕಾಗಿರಲಿಲ್ಲ. ಬಾಗಿಲು ದೂಡಿದರೆ ಏನೂ ಕಾಣದು. ಗೋಡೆ ತಡವಿಕೊಂಡು ಹೋದೆ. ಆ ಗೋಡೆಯ ಮೇಲೆ ಮಸಿ ಬೆರಳಿಗೆ ಅಂಟುವಷ್ಟು ದಪ್ಪ ಕೂತಿತ್ತು. ಅತ್ತೆಯ ತೋಳು ಸಿಕ್ಕಿತು. ಎರಡೂ ತೋಳು ಹಿಡಿದು ಎಳೆದುಕೊಂಡು ಹಿತ್ತಲ ಜಗಲಿಗೆ ತಂದು, ತೊಡೆಯ ಮೇಲೆ ಮಲಗಿಸಿಕೊಂಡು, ನನ್ನ ಚೆಂಬಿನ ನೀರನ್ನೇ ಅವರ ಬಾಯಿಗೆ ಬಿಟ್ಟೆ. ಆ ವಯಸ್ಸಿನವರು ಅಷ್ಟು ಹಗುರ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

"ಬೆನ್ನು ತಿಕ್ಕ್ರೀ! ಕುಂದ್ರಿಸಿ ತಿಕ್ಕ್ರೀ!" ಎಂದು ಮೇಲಿನಿಂದ ಅವಳು ಕೂಗುತ್ತಿದ್ದಳು. ತಿಕ್ಕಿದೆ. ಅಳುತ್ತ ತಿಕ್ಕಿದೆ. "ಅತ್ತೀ, ಉಸಿರು ತಗೋರಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ್ಸಲ ಉಸಿರು ತಗೋರಿ," ಎಂದು ಏನೇನೋ ಬಡಬಡಿಸಿದೆ. ಕಡೆಗೆ ಅವರ ಎದೆ ಏರಿತು. ಬಿಕ್ಕಿ ಬಿಕ್ಕಿ ಒಂದು ಉಸಿರು, ಮತ್ತೊಂದು, ಮತ್ತೊಂದು. ರೆಪ್ಪೆ ಅಲುಗಿತು. ಅಷ್ಟರಲ್ಲಿ ಎಲ್ಲಿತ್ತೋ, ಮಡಿ ಮುಟ್ಟಿದೆನೆಂಬ ಹಳೆಯ ಭಯ ಬಂತು. ಅವರನ್ನು ಗೋಡೆಗೆ ಒರಗಿಸಿ ಮೂರು ಮಾರು ದೂರ ಹಾರಿ, ಚಪ್ಪರದ ಚಾಪೆಯ ಮೇಲೆ ಕೂತುಬಿಟ್ಟೆ.

ಅತ್ತೆ ಕಣ್ಣು ಬಿಟ್ಟು ಸುತ್ತ ನೋಡಿದರು. "ನನ್ನ ಹೊರಗ ಯಾರು ತಂದ್ರು?" ಎಂದರು. ದನಿ ಇನ್ನೂ ಗೊರಗೊರ.

ಮಾಳಿಗೆಯ ಅಂಚಿನಿಂದ ಉತ್ತರ ಬಂತು: "ನೀವ ಎದ್ದು ಬಂದ್ರೀ ಅವ್ವಾರ. ಗ್ವಾಡಿ ಹಿಡ್ಕೊಂಡು ಬಂದು ಕುಂತ್ರೀ. ನಾ ಮ್ಯಾಲಿಂದ ನೋಡೀನಿ. ಯಾರೂ ಮುಟ್ಟಿಲ್ರೀ."

ಹಿಂದಿನ ದಿನ ನಾನು ಗದರಿ ಕಳಿಸಿದ್ದ ಹೆಂಗಸು ನನಗಾಗಿ ಹೇಳಿದ ಸುಳ್ಳು ಅದು. ಅತ್ತೆ ಅವಳನ್ನು ನೋಡಿದರು, ತೆರೆದ ಬಾಗಿಲಿನೊಳಗೆ ಗವಾಕ್ಷಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡಿದರು. ಆಗ ನನಗೆ ತಡೆಯಲಾಗಲಿಲ್ಲ. "ಅತ್ತೀ, ಆ ಚಪ್ಪಡಿ ಮುಚ್ಚಲಿಕ್ಕೆ ಹೇಳಿದಾಕಿ ನಾನು. ನಿನ್ನೆ ಈಕಿ ತೆಗೀತೀನಿ ಅಂದ್ರೂ ಬ್ಯಾಡ ಅಂದಾಕಿ ನಾನು," ಎಂದು ನಾನು ಅತ್ತುಬಿಟ್ಟೆ.

"ಹೇಳ್ದಾಕಿ ನೀನು, ಬಾಗ್ಲಾ ಹಾಕ್ಕೊಂಡು ಕೂತಾಕಿ ನಾನು," ಎಂದರು ಅತ್ತೆ. ಸ್ವಲ್ಪ ಉಸಿರು ತೆಗೆದುಕೊಂಡು ಮಾಳಿಗೆಯ ಕಡೆ ಮುಖ ಎತ್ತಿದರು. "ಏ ತಾಯಿ, ಅದನ್ನ ಇನ್ನ ಮುಚ್ಚಬ್ಯಾಡ. ಆ ಕಲ್ಲು ಕೆಳಗ ಹಾಕು."

ಕಲ್ಲು ಹಿತ್ತಲಿಗೆ ಬಿದ್ದು ಎರಡು ಹೋಳಾಯಿತು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತೇನು. ಅತ್ತೆ ಆಮೇಲೆ ಹತ್ತು ಹನ್ನೆರಡು ಮಳೆಗಾಲ ಕಂಡರು. ನನ್ನ ನಾಲ್ಕೂ ಮಕ್ಕಳಿಗೆ ಎಣ್ಣೆನೀರು ಹಾಕಿದ್ದು ಅವರೇ. ಗಿರಣಿಯ ಚಿಮಣಿ ಪ್ರತಿ ಹತ್ತಿ ಸುಗ್ಗಿಗೂ ಹೊಗೆ ಕಾರುತ್ತಲೇ ಇತ್ತು, ಬೇವು ತುಳಸಿ ಕಪ್ಪಾಗುತ್ತಲೇ ಇದ್ದವು. ಅದರ ಮಸಿಯನ್ನು ನಾನು ಸುಳ್ಳೆನ್ನುವುದಿಲ್ಲ. ಆ ತಿಂಗಳುಗಳಲ್ಲಿ ಅತ್ತೆ ಒಂದಿಷ್ಟು ಕೆಮ್ಮುತ್ತಿದ್ದರು, ನಾವೂ ಕೆಮ್ಮುತ್ತಿದ್ದೆವು. ಆದರೆ ಒಲೆಯ ಹೊಗೆಗೆ ದಾರಿ ಬಿಟ್ಟಿದ್ದೆವು, ಬಾಗಿಲು ತೆರೆದಿಟ್ಟಿದ್ದೆವು. ಮಡಿಸೀರೆಯ ಮೇಲೆ ಚುಕ್ಕೆ ಕಂಡರೆ ಅತ್ತೆ ಕೊಡವಿ ಉಡುತ್ತಿದ್ದರು.

ಆ ಹೆಂಗಸನ್ನು ಕಾಣಲು ನಾನು ಒಮ್ಮೆ ಕುರುಗೋಡಿಗೆ ಹೋಗಿದ್ದೆ, ಅತ್ತೆ ಕೊಟ್ಟ ಒಂದು ಹೊಸ ಸೀರೆ ಹಿಡಿದುಕೊಂಡು. ಗುಡ್ಡದ ಬುಡದಲ್ಲಿ ಅವಳ ತಾಯಿ ದುಡಿದ ಸುಣ್ಣದ ಭಟ್ಟಿ ಉರಿಯುತ್ತಿತ್ತು. ಭಟ್ಟಿಯ ಗಾಳಿ ಬೀಸುವ ಕಡೆಯ ಬೇವಿನ ಮರಗಳು ಅರ್ಧಕ್ಕೆ ಬೋಳು, ಆಚೆ ಬದಿಯಲ್ಲಿ ಮಾತ್ರ ಹಸಿರು. ಕೆಳಗಿನ ಹೊಲದ ಜೋಳದ ಗರಿಗಳ ಮೇಲೆ ಬೂದಿ. ಅದನ್ನು ತೋರಿಸಿ ಅವಳು, "ಗಿಡಕ್ಕ ಎದ್ದು ಆಕಡಿ ಹೋಗಾಕ ಬರಾಂಗಿಲ್ಲ ನೋಡ್ರೀ, ಅದಕ್ಕ ಅರ್ಧ ಸತ್ತಾವ," ಎಂದಳು. ಸೀರೆಯನ್ನು ಎದೆಗೆ ಹಿಡಿದುಕೊಂಡು, "ಅವ್ವಾರಿಗೆ ಉಸಿರು ಸಲೀಸು ಐತೇನ್ರೀ?" ಎಂದು ಕೇಳಿದಳು. ಸಲೀಸು ಅದ ಎಂದೆ. ನಕ್ಕಳು. ಅವಳಿಗೆ ನಾನು ಕೈ ಮುಗಿದೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನೋಡಲಿ ಬಿಡು ಎಂದುಕೊಂಡೆ.

ಆ ದಿನಕ್ಕೆ ತಿರುಗಿ ಬರುತ್ತೇನೆ. ಮಧ್ಯಾಹ್ನವೆಲ್ಲ ಅತ್ತೆ ಜಗಲಿಯ ಮೇಲೇ ಕೂತಿದ್ದರು. ಸ್ನಾನಕ್ಕೆ ಏಳಲಿಲ್ಲ. ಬೇರೆ ಸೀರೆ ಕೇಳಲಿಲ್ಲ. ಅಡುಗೆ ಇಲ್ಲ, ಊಟ ಇಲ್ಲ. ಸುಮ್ಮನೆ ಉಸಿರಾಡುತ್ತ ಕೂತಿದ್ದರು. ಶಕ್ತಿಯಿಲ್ಲದೆ ಕೂತಿದ್ದಾರೆ ಎಂದು ನಾನು ತಿಳಿದೆ. ಸುಳ್ಳನ್ನು ನಂಬಿದ್ದಾರೆ ಎಂದೂ ತಿಳಿದೆ.

ಸಂಜೆ ಯಜಮಾನರು ಕಚೇರಿಯಿಂದ ಬಂದರು. ತಣ್ಣಗಾದ ಒಲೆ ನೋಡಿದರು, ತೆರೆದ ಗವಾಕ್ಷಿ ನೋಡಿದರು, ಹಿತ್ತಲಿಗೆ ಓಡಿ ಬಂದರು. ನಾನು ದೂರದಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಅತ್ತೆ ನಡೆದದ್ದನ್ನು ಹೇಳಿದರು, ಬಿದ್ದದ್ದನ್ನು, ಕಲ್ಲು ತೆಗೆದದ್ದನ್ನು. ಯಜಮಾನರು ಅವರ ಕೆದರಿದ ಸೀರೆಯನ್ನೂ ಮುಖದ ಮಸಿಯನ್ನೂ ನೋಡಿ, "ಅಮ್ಮಾ, ಹಂಗಾರ ಇನ್ನೂ ಸ್ನಾನ ಆಗಿಲ್ಲೇನು? ಬಿಸಿನೀರು ಕಾಸಿಕೊಡ್ಲಾ? ಮಡಿ ಉಟ್ಕೊಂಡು ಏನರ ತಿನ್ನು," ಎಂದರು.

ಅತ್ತೆ ಸೆರಗು ಸರಿಸಿ ಎಡತೋಳನ್ನು ಬೆಳಕಿಗೆ ಹಿಡಿದರು. ಬೆಳ್ಳಗಿನ ಆ ತೋಳಿನ ಮೇಲೆ ಮಸಿಯಲ್ಲಿ ಮೂಡಿದ್ದವು, ಒಂದರ ಪಕ್ಕ ಒಂದು, ನನ್ನ ಐದೂ ಬೆರಳುಗಳು.

"ನೋಡಿಲ್ಲಿ," ಎಂದರು ಮಗನಿಗೆ. "ಹೋದ ಉಸಿರು ತಿರುಗಿ ತಂದುಕೊಟ್ಟ ಕೈ ಇದು. ಇದನ್ನ ತೊಳ್ಕೊಂಡು ಬಾ ಅಂತೀಯೇನು?"